ಹವಳದ ಕೊಂಬಿನ ಮಣ್ಣೆತ್ತು

ಮಣ್ಣೆತ್ತಿನ ಅಮಾವಾಸ್ಯೆಯ ದಿನ ಬೆಳಿಗ್ಗೆ ಚೌಡಣ್ಣ ಕೆರೆಯಿಂದ ಖಾಲಿ ಬುಟ್ಟಿ ಹೊತ್ತು ಬಂದ. ರೋಹಿಣಿ, ಮೃಗಶಿರ ಎರಡೂ ಮಳೆ ಈ ಸಲ ಬಿಡದೆ ಸುರಿದಿದ್ದವು. ಜೇಡಿಮಣ್ಣು ತೆಗೆಯುವ ದಂಡೆ ಎದೆಮಟ್ಟ ನೀರಿನಲ್ಲಿ ಮುಳುಗಿಹೋಗಿತ್ತು. ಕೆರೆ ತುಂಬಿದ್ದು ಕಂಡು ಊರೆಲ್ಲ ಹಿಗ್ಗಿತ್ತು. ಅವನಿಗೂ ಹಿಗ್ಗೇ. ಆದರೆ ಇಂದಿನ ಪೂಜೆಗೆ ಒಂದು ಜೊತೆ ಎತ್ತು ಮಾಡುವಷ್ಟು ಮಣ್ಣನ್ನಾದರೂ ಆ ಗಂಗವ್ವ ಬಿಟ್ಟುಕೊಡಬಾರದಿತ್ತೇ ಎಂದು ಗೊಣಗುತ್ತ ಬಂದಿದ್ದ.

ಎದುರು ಮನೆಯ ಅಂಜಿನಕ್ಕ ಕಟ್ಟೆಯ ಮೇಲೆ ಕುಳಿತು ಇದಕ್ಕಾಗಿಯೇ ಕಾಯುತ್ತಿದ್ದಳು.

"ಏನ್ ಚೌಡಣ್ಣ, ಬುಟ್ಟ್ಯಾಗ ಗಾಳಿ ತುಂಬ್ಕೊಂಡು ಬಂದೀಯಲ್ಲ? ಇಲ್ಲಿ ನೋಡು, ಕೊಟ್ಟೂರು ಸಂತ್ಯಾಗ ತಂದದ್ದು. ಕೊಂಬಿಗೆ ಬಂಗಾರದ ಬಣ್ಣ, ಕೊಳ್ಳಾಗ ಗೆಜ್ಜಿ!"

"ಅದು ಮಣ್ಣೆತ್ತಲ್ಲ ಬಿಡು. ಗಿರಣಿ ಎತ್ತು. ಅಚ್ಚಿನಾಗ ಸುರುವಿ ತಗದಾರ."

"ಮೈಲಾರಲಿಂಗ ಅಚ್ಚು ನೋಡಂಗಿಲ್ಲ, ಭಕ್ತಿ ನೋಡ್ತಾನ. ನಿನ್ನ ಜಗಲಿ ಈ ಸಲಾನೂ ಬರಿದಾದ್ರ ಹೇಳು, ಒಂದೆತ್ತು ಕಡ ಕೊಡ್ತೀನಿ."

ಈ ಸಲಾನೂ ಎಂಬ ಮಾತು ಅವನಿಗೆ ನಾಟಿತು. ಹೋದ ವರ್ಷ ಅವನ ಮನೆಯಲ್ಲಿ ಹಬ್ಬವಿರಲಿಲ್ಲ. ಅದು ಹೆಂಡತಿ ಜಂಬಕ್ಕ ತೀರಿಕೊಂಡ ವರ್ಷ. ಇಡೀ ತಂಬ್ರಹಳ್ಳಿಯಲ್ಲಿ ಅವಳು ಮಾಡುತ್ತಿದ್ದಂಥ ಮಣ್ಣೆತ್ತನ್ನು ಇನ್ನೊಬ್ಬರು ಮಾಡಿದ್ದಿಲ್ಲ. ಮಣ್ಣನ್ನು ಚಿಟಿಕೆ ಬಾಯಿಗೆ ಹಾಕಿಕೊಂಡು ಮುಂದಿನ ಹಲ್ಲಲ್ಲಿ ಕಡಿದು, ಹರಳು ಸಿಕ್ಕರೆ ಉಗುಳಿ, ಮತ್ತೆ ನಾದುತ್ತಿದ್ದಳು. ಅವಳ ಎತ್ತಿಗೆ ಡುಬ್ಬ ಎದ್ದು ಕಾಣುತ್ತಿತ್ತು, ಗಂಗೆದೊಗಲು ಜೋಲುತ್ತಿತ್ತು. ಈ ವರ್ಷ ಅವಳ ಹೆಸರು ಹೇಳಿ ತಾನೇ ಒಂದು ಜೊತೆ ಮಾಡಬೇಕೆಂದು ಚೌಡಣ್ಣ ಮನಸ್ಸಿನಲ್ಲೇ ದೇವರಿಗೆ ಮಾತು ಕೊಟ್ಟಿದ್ದ.

ಕಾಲು ತೊಳೆದು ಒಳಗೆ ಬಂದು ಜಗಲಿಯ ಮುಂದೆ ಕೈಮುಗಿದ. ದೇವರ ಪಕ್ಕದಲ್ಲಿ ಒಂದು ಡಬ್ಬಿ ಇತ್ತು. ಬಿಳಿ ಪ್ಲಾಸ್ಟಿಕ್ಕಿನ ಡಬ್ಬಿ, ಬಾಯಿಗೆ ಟೇಪು ಸುತ್ತಿತ್ತು, ಮೇಲೆ ಇಂಗ್ಲಿಷಿನಲ್ಲಿ ಏನೋ ಬರೆದು ಅಂಟಿಸಿತ್ತು. ಹಿಂದಿನ ರಾತ್ರಿ ಹೊಸಪೇಟೆ ಬಸ್ಸಿಗೆ ಬಂದಿಳಿದಿದ್ದ ಮೊಮ್ಮಗಳು ಕೀರ್ತನಾ ಇಟ್ಟದ್ದಿರಬೇಕು. ಟೇಪು ಬಿಚ್ಚಿ ನೋಡಿದ. ಒಳಗೆ ಮಣ್ಣು. ಬೂದಿ ಬಣ್ಣಕ್ಕೆ ಚೂರು ಹಸಿರು ಬೆರೆತ, ಬೆಣ್ಣೆಯಂಥ ಮಣ್ಣು.

ಚೌಡಣ್ಣನ ಕಣ್ಣು ತುಂಬಿ ಬಂದವು. ಹುಡುಗಿ ಸಂಶೋಧನೆಯ ಹಡಗು ಹತ್ತಿ ಎಲ್ಲೆಲ್ಲೋ ಸಮುದ್ರದ ಮೇಲೆ ತಿರುಗುತ್ತಿದ್ದರೂ ಅಜ್ಜಿಯ ಹಬ್ಬವನ್ನು ಮರೆತಿಲ್ಲ. ಮಣ್ಣು ತಂದು, ಯಾರೂ ಮುಟ್ಟದಿರಲೆಂದು ದೇವರ ಹತ್ತಿರವೇ ಇಟ್ಟು ಮಲಗಿದ್ದಾಳೆ. ಇನ್ನೇನು ಬೇಕು?

ಮಣೆ ಹಾಕಿಕೊಂಡು ಕುಳಿತ. ಜಂಬಕ್ಕನ ಹಾಗೆ ಚಿಟಿಕೆ ಮಣ್ಣು ಬಾಯಿಗೆ ಹಾಕಿ ಕಡಿದ.

"ರೋಜವ್ವಾ, ಈ ಮಣ್ಣು ಉಪ್ಪುಪ್ಪು ಐತಲ್ಲ?"

"ಮಣ್ಣಿಗೆ ಯಾರು ಉಪ್ಪು ಹಾಕ್ತಾರ ಮಾವ," ಎಂದಳು ಸೊಸೆ ರೋಜಾ, ಒಲೆಯ ಮುಂದೆ ಹೂರಣ ಕುದಿಸುತ್ತ. "ಬಾಯಿ ರುಚಿ ಕೆಟ್ಟಿರಬೇಕು ನಿಮಗ."

ಇದ್ದೀತು ಎಂದುಕೊಂಡ. ಮಣ್ಣು ನಾದಲು ಸುಖವಾಗಿತ್ತು. ನಡುನಡುವೆ ಬಿಳಿ ಕಡ್ಡಿಗಳು ಸಿಕ್ಕವು. ಬೆರಳಿನ ಉಗುರಿನಷ್ಟು ಕೆಲವು, ಗೆಣ್ಣಿನಷ್ಟು ಕೆಲವು, ಒಂದೊಂದು ಕಡ್ಡಿ ಕವಲೊಡೆದು ಬಾಗಿಕೊಂಡಿತ್ತು. ಅವನ್ನೆಲ್ಲ ಆರಿಸಿ ಬದಿಗಿಟ್ಟ. ಎತ್ತಿನ ಮೈ ಎದ್ದಿತು, ಡುಬ್ಬ ಬಂದಿತು, ಕಾಲು ನಿಂತವು. ಕೊಂಬು ಮಾತ್ರ ಎಷ್ಟು ತಿದ್ದಿದರೂ ಜೋತುಬಿದ್ದವು. ಆಗ ಆ ಬಿಳಿ ಕಡ್ಡಿಗಳ ನೆನಪಾಯಿತು. ಒಂದೇ ಬಾಗಿನ ನಾಲ್ಕನ್ನು ಆರಿಸಿ ತಲೆಗೆ ಚುಚ್ಚಿದ. ಹೋರಿಗಳು ಎದ್ದು ಹಾಯಲು ಬರುವಂತೆ ಕಂಡವು. ಜೋಳದ ಕಾಳಿನ ಕಣ್ಣಿಟ್ಟ, ಭಂಡಾರ ಹಚ್ಚಿದ, ಜಗಲಿಯ ಮೇಲೆ ಕೂರಿಸಿ ದೀಪ ಹಚ್ಚಿದ. "ಏಳುಕೋಟಿ ಏಳುಕೋಟಿ" ಎಂದು ಕೂಗಿ ಗಂಟೆ ಬಾರಿಸಿದಾಗ ಒಳಕೋಣೆಯಲ್ಲಿ ಮಲಗಿದ್ದ ಕೀರ್ತನಾಗೆ ಎಚ್ಚರವಾಯಿತು.

ಅವಳು ಕಣ್ಣುಜ್ಜಿಕೊಳ್ಳುತ್ತ ಬಂದು ಜಗಲಿಯ ಕಡೆ ನೋಡಿದಳು.

"ತಾತಾ, ಇಲ್ಲಿದ್ದ ಡಬ್ಬಿ ಎಲ್ಲಿ?"

"ಅಲ್ಲೇ ಮೂಲ್ಯಾಗ ಐತಿ ನೋಡವ್ವ. ತೊಳದು ಬೋರಲ ಹಾಕೀನಿ."

"ತೊಳದು?" ಅವಳ ದನಿ ಸಣ್ಣಗಾಯಿತು. "ಅದರಾಗಿನ ಮಣ್ಣು?"

ಚೌಡಣ್ಣ ಹೆಮ್ಮೆಯಿಂದ ಗದ್ದವೆತ್ತಿ ಎತ್ತುಗಳನ್ನು ತೋರಿಸಿದ. ಕೀರ್ತನಾ ಹತ್ತಿರ ಹೋಗಿ ಬಗ್ಗಿ ನೋಡಿದಳು. ಕೊಂಬು ನೋಡಿದಳು. ನಿಂತಲ್ಲೇ ಕುಸಿದು ಕುಳಿತು ಮುಖ ಮುಚ್ಚಿಕೊಂಡಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ಎಂದು ಚೌಡಣ್ಣನಿಗೆ ಗೊತ್ತಾಗಲಿಲ್ಲ. ಎರಡೂ ಇತ್ತು.

"ತಾತ, ಅದು ಸಮುದ್ರದ ಮಣ್ಣು! ಐರ್ಲೆಂಡ್ ಅಂತ ದೇಶ ಐತಿ, ಅದರ ಪಡುವಣಕ್ಕ ಸಮುದ್ರದ ಅಡಿಯಿಂದ ತಗದದ್ದು. ಒಂದು ಕಿಲೋಮೀಟರ್ ನೀರಿನ ಕೆಳಗಿಂದ. ಆ ಮಣ್ಣಿಗೆ ಎಷ್ಟು ವಯಸ್ಸು ಗೊತ್ತೇನು? ಲಕ್ಷಾಂತರ ವರ್ಷ!"

ಚೌಡಣ್ಣ ತುಸು ಯೋಚಿಸಿದ. "ಅದಕ್ಕ ಅಷ್ಟು ಚೊಲೊ ಹದ ಬಂತು ನೋಡು."

ರೋಜಾ ಒಲೆ ಬಿಟ್ಟು ಓಡಿ ಬಂದಳು. "ಅಯ್ಯ, ನೀ ಪರೀಕ್ಷೆ ಮಾಡೋ ಮಣ್ಣೇನವ್ವ ಅದು? ಮ್ಯಾಲಿನವರು ಬೈತಾರೇನು?"

"ಪರೀಕ್ಷೆದ್ದು ಅಲ್ಲಮ್ಮ. ಅದು ಲ್ಯಾಬಿನಾಗ ಭದ್ರ ಐತಿ. ಇದು ಮಣ್ಣು ತಗಿಯೋ ಕೊಳವಿ ತುದಿಗೆ ಅಂಟಿ ಉಳದಿದ್ದು, ಬಿಸಾಕೋ ಮಣ್ಣು, ಕೇಳಿ ತಂದಿದ್ದೆ. ನಾಳೆ ಸಾಲ್ಯಾಗ ತೋರಿಸಾಕ." ಅವಳು ಕಣ್ಣೊರೆಸಿಕೊಂಡಳು. "ನನ್ನ ಹತ್ರ ತೋರಿಸಾಕ ಇದ್ದದ್ದು ಅದೊಂದೇ."

ಆಗ ಚೌಡಣ್ಣನಿಗೆ ನಿಜವಾಗಿ ಸಂಕಟವಾಯಿತು. ನಾಳೆಯ ವಿಷಯ ಅವನಿಗೆ ಗೊತ್ತಿತ್ತು. ಕೀರ್ತನಾ ಕಲಿತ ಊರ ಹೈಸ್ಕೂಲಿನಲ್ಲೇ ಅವಳ ಭಾಷಣವಿತ್ತು. ಕೆಲವು ತಿಂಗಳ ಹಿಂದೆ ಹಡಗಲಿಯ ಕಡೆ ಒಂದು ಕಾಲೇಜಿನಲ್ಲಿ ಇದೇ ಸಮುದ್ರದಡಿಯ ವಿಷಯ ಹೇಳಲು ಹೋಗಿ ಸೋತು ಬಂದಿದ್ದಳು. ಪರದೆಯ ಮೇಲೆ ಚಿತ್ರ ಬಿಟ್ಟು ಮಾತಾಡಿದ್ದಳು, ಹಿಂದಿನ ಸಾಲು ನಿದ್ದೆ ಹೋಗಿತ್ತು, ಮುಂದಿನ ಸಾಲಿನವನೊಬ್ಬ ಎದ್ದು ಅಲ್ಲಿ ಬಂಗಾರ ಸಿಗುತ್ತದೆಯೇ ಎಂದು ಕೇಳಿ ಕುಳಿತುಕೊಂಡಿದ್ದ. ಅಂದು ಮನೆಗೆ ಬಂದು ಉಣ್ಣದೆ ಮಲಗಿದ್ದಳು. ನಮ್ಮ ಮಾತಿನಲ್ಲಿ ನಮ್ಮ ಮಂದಿಗೆ ಹೇಳಲಿಕ್ಕೆ ಬಾರದಿದ್ದರೆ ಕಲಿತು ಏನು ಬಂತು ತಾತ, ಎಂದು ಅಂದಿದ್ದಳು. ಈ ಸಲ ಮಕ್ಕಳ ಕೈಗೆ ಮಣ್ಣನ್ನೇ ಕೊಟ್ಟುಬಿಡಬೇಕು, ಮುಟ್ಟಿದರೆ ಕೇಳುತ್ತಾರೆ ಎಂಬ ಧೈರ್ಯದಲ್ಲಿ ಬಂದಿದ್ದಳು.

"ಒಂದೆತ್ತು ಮುರುದ್ರ ಆಗಂಗಿಲ್ಲೇನು ತಾತ?" ಎಂದಳು ಮೆಲ್ಲಗೆ.

ರೋಜಾ ಕೆನ್ನೆ ಬಡಿದುಕೊಂಡಳು. ಚೌಡಣ್ಣ ಜಗಲಿಯ ಕಡೆ ನೋಡಿದ. ಕಣ್ಣಿಟ್ಟಾಗಿದೆ, ಭಂಡಾರ ಬಿದ್ದಿದೆ, ದೀಪ ಉರಿಯುತ್ತಿದೆ. ಇನ್ನು ಅದು ಮಣ್ಣಲ್ಲ, ಬಸವಣ್ಣ.

"ಪ್ರಾಣ ಕೇಳು ಕೊಡ್ತೀನಿ," ಎಂದ. "ಅದೊಂದು ಕೇಳಬ್ಯಾಡವ್ವ."

ಅವಳು ಮತ್ತೆ ಕೇಳಲಿಲ್ಲ. ಅಷ್ಟರಲ್ಲಿ ಅಂಜಿನಕ್ಕ ತನ್ನ ಎತ್ತಿಗೆ ಇವರ ಎತ್ತನ್ನು ಹೋಲಿಸಿ ನೋಡಲು ಬಂದಳು. ಬಂದವಳು ಬಾಗಿಲಲ್ಲೇ ನಿಂತಳು.

"ಚೌಡಣ್ಣ, ಕೊಂಬೇನೋ ಇದು? ಎಲುಬು ಚುಚ್ಚೀಯೇನು?"

"ಹವಳ ಅದು ಅಂಜಿನಕ್ಕ," ಎಂದಳು ಕೀರ್ತನಾ. "ಬಿಳಿ ಹವಳ."

ಅಂಜಿನಕ್ಕನ ಬಾಯಿ ಅರ್ಧ ತೆರೆದಂತೆಯೇ ಉಳಿಯಿತು. ಕೊಟ್ಟೂರಿನ ಬಂಗಾರದ ಬಣ್ಣ ಎಲ್ಲಿ, ಹವಳದ ಕೊಂಬು ಎಲ್ಲಿ! ಅವಳು ಸರ್ರನೆ ತಿರುಗಿ ಎದುರು ಮನೆಗೆ ಹೋದದ್ದನ್ನು ಕಂಡು ಆ ಸಂಕಟದಲ್ಲೂ ಚೌಡಣ್ಣನಿಗೆ ನಗು ತಡೆಯಲಾಗಲಿಲ್ಲ. ಕೀರ್ತನಾಗೂ ಬಂತು.

ಹೋಳಿಗೆ ಉಂಡು ಮಧ್ಯಾಹ್ನ ಇಬ್ಬರೂ ಬೇವಿನ ನೆರಳಿಗೆ ಕುಳಿತರು. ಚೌಡಣ್ಣನಿಗೆ ಸುಮ್ಮನಿರಲಾಗಲಿಲ್ಲ.

"ಮಣ್ಣು ಹೋತು. ಬಾಯಿಲೆ ಹೇಳು. ಮೊದಲ ನನಗ ಹೇಳಿ ನೋಡು. ನನಗ ತಿಳದ್ರ ಹುಡುಗರಿಗೂ ತಿಳೀತೈತಿ."

"ಸಮುದ್ರದ ಅಡಿಯೊಳಗ ಗುಡ್ಡ ಅದಾವ ತಾತ. ಕೂಡ್ಲಿಗಿ ಕಡೆ ಗುಡ್ಡದಂಗ. ಕಲ್ಲಿನವಲ್ಲ. ಹವಳ, ಹೂಳು ಕೂಡಿ ಬೆಳದಂಥವು."

"ಹುತ್ತ ಅನ್ನು."

"ಹುತ್ತ ಅಂದ್ರೂ ನಡಿತೈತಿ. ಆದ್ರ ಹುತ್ತಕ್ಕ ಗೆದ್ದಲ ಮಣ್ಣು ಹೊರ್ತೈತಿ. ಇಲ್ಲಿ ಹವಳ ಎಲ್ಲೂ ಹೋಗಂಗಿಲ್ಲ, ನಿಂತಲ್ಲೇ ನಿಂತಿರ್ತೈತಿ."

"ಮತ್ತ ಮಣ್ಣು ಯಾರು ಹೊರ್ತಾರ?"

"ನೀರು. ಅಡಿಯೊಳಗ ನೀರು ಹರೀತೈತಿ, ಹೊಳಿ ಹರಿದಂಗ. ಅದರ ಸಂಗಾಟ ಹೂಳು ಬರ್ತೈತಿ. ಹವಳ ಪೊದಿ ಇದ್ದಂಗ, ಸಣ್ಣ ಸಣ್ಣ ಟೊಂಗಿ. ಪೊದಿ ಒಳಗ ಬಂದ ನೀರಿಗೆ ಜೋರು ಇರಂಗಿಲ್ಲ. ಜೋರು ತಗ್ಗಿದ ನೀರು ಹೊರಿ ಇಳಸ್ತೈತಿ."

ಚೌಡಣ್ಣ ಅಡಕೆ ಕತ್ತರಿಸುವುದನ್ನು ನಿಲ್ಲಿಸಿದ. "ಅಂದ್ರ, ಹಳ್ಳದಾಗ ಜಾಲಿ ಕಂಟಿ ಬಿದ್ದಿದ್ರ ಅದರ ಹಿಂದ ಉಸುಕು ನಿಲ್ತೈತಲ್ಲ, ಹಂಗ?"

"ಹಂಗ ತಾತ! ಅದ!" ಎಂದು ಅವಳು ಅವನ ಮೊಣಕಾಲಿಗೆ ಹೊಡೆದಳು. ಹೊಡೆದ ಕೈ ಅಲ್ಲೇ ನಿಂತಿತು. "ಎತ್ತು ನೀರಿಗೆ ಯಾವಾಗ ಬಿಡ್ತಿ?"

"ನಾಳೆ ಮಧ್ಯಾಹ್ನದೊಳಗ. ನಮ್ಮ ಮನಿ ಪದ್ಧತಿ ಹಂಗ. ನಿಮ್ಮಜ್ಜಿ ಸಾಲಿ ಹಿಂದಿನ ಹಳ್ಳದಾಗ ಬಿಡ್ತಿದ್ಲು."

ಕೀರ್ತನಾ ನಗಲು ಶುರು ಮಾಡಿದಳು. ಚೌಡಣ್ಣನಿಗೆ ಅನುಮಾನ ಬಂತು.

"ಬಸವಣ್ಣನ್ನ ಸಾಲಿಗೆ ಒಯ್ಯಂಗಿಲ್ಲ ಮತ್ತ. ಜಗಲಿ ಬಿಟ್ಟ ಮ್ಯಾಲ ಸೀದಾ ನೀರಿಗೆ."

"ಬ್ಯಾಡ ಬಿಡು. ಬಸವಣ್ಣನ ಹತ್ರ ಸಾಲೀನ ಬರಲಿ."

ಮರುದಿನ ಹೆಡ್ ಮಾಸ್ತರು ಗುರುಮೂರ್ತಿ ಬಿಳಿ ಅಂಗಿ ಹಾಕಿಕೊಂಡು ಶಾಲೆಯ ಬಾಗಿಲಲ್ಲೇ ನಿಂತಿದ್ದರು. ಒಳಗೆ ಪರದೆ ಕಟ್ಟಿಸಿದ್ದರು, ಕುರ್ಚಿ ಜೋಡಿಸಿದ್ದರು. ಪಾಠ ಹಳ್ಳದಲ್ಲಿ ಎಂಬ ಮಾತು ಕೇಳಿ ಅವರ ಹುಬ್ಬು ಗಂಟಾಯಿತು.

"ಚೌಡಣ್ಣಾರ, ನಿಮ್ಮ ಮೊಮ್ಮಗಳು ನಮಗೂ ಮಗಳ ಇದ್ದಂಗ. ಆದ್ರ ಹುಡುಗ್ರನ್ನ ನೀರಿಗೆ ಇಳಿಸಿ ಏನರ ಆತಂದ್ರ ಊರು ನನ್ನ ಬಿಡ್ತೈತೇನ್ರಿ?"

"ಹಿಮ್ಮಡಿ ಮುಳುಗಂಗಿಲ್ಲ ಸರ್, ಈಗ ನೋಡಿ ಬಂದ್ವಿ," ಎಂದಳು ಕೀರ್ತನಾ. "ಮ್ಯಾಲ ಮೋಡಾನೂ ಇಲ್ಲ."

"ನಾನು ಕೆಳಗ ಬದುವಿನಾಗ ಕಾವಲು ಕುಂದ್ರತೀನ್ರಿ," ಎಂದ ಚೌಡಣ್ಣ. "ಕುರಿ ಕಾದೋನಿಗೆ ಮಕ್ಕಳ ಕಾಯಾಕ ಬರಂಗಿಲ್ಲೇನು?"

ಗುರುಮೂರ್ತಿ ಒಳಗೆ ತಿರುಗಿ ಪರದೆಯ ಕಡೆ ನೋಡಿದರು. ಫ್ಯಾನು ತಿರುಗುತ್ತಿರಲಿಲ್ಲ. "ಮುಂಜಾನಿಂದ ಕರೆಂಟೂ ಇಲ್ಲ," ಎಂದು ತಮಗೆ ತಾವೇ ಹೇಳಿಕೊಂಡು ಸೀಟಿ ಊದಿದರು. ಇಡೀ ಒಂಬತ್ತನೇ ಇಯತ್ತೆ ಒಂದೇ ಬಾರಿಗೆ ಹೊರಗೆ ಬಂತು.

ಚೌಡಣ್ಣ ಮನೆಗೆ ಹೋಗಿ, ಜಗಲಿಯಿಂದ ಎತ್ತುಗಳ ತಟ್ಟೆ ಹಿಡಿದು ಸೀದಾ ಹಳ್ಳದ ಕಡೆ ನಡೆದ. ಹವಳದ ಕೊಂಬಿನ ಸುದ್ದಿ ಆಗಲೇ ಊರು ಸುತ್ತಿ ಬಂದಿತ್ತು. ಮಕ್ಕಳು ಕೊರಳು ಚಾಚಿ ಚಾಚಿ ನೋಡುತ್ತಿದ್ದರು. ಹಿಂದಿನಿಂದ ಅಂಜಿನಕ್ಕ ಬಂದಳು, ಅವಳ ತಟ್ಟೆಯಲ್ಲಿ ಕೊಟ್ಟೂರಿನ ಎತ್ತುಗಳು.

"ನೀನ್ಯಾಕ ಬಂದಿ?" ಎಂದ ಚೌಡಣ್ಣ.

"ಹಳ್ಳ ನಿಮ್ಮಪ್ಪಂದೇನು? ನನ್ನ ಎತ್ತೂ ಸಮುದ್ರ ಕಲೀಲಿ."

ಹಳ್ಳದಲ್ಲಿ ನೀರು ತೆಳ್ಳಗೆ, ಚುರುಕಾಗಿ ಹರಿಯುತ್ತಿತ್ತು. ತಳದ ಉಸುಕು ಸಾಲು ಸಾಲಾಗಿ ಜಾರುವುದು ಕಾಣುತ್ತಿತ್ತು. ಚೌಡಣ್ಣ ಕಾಯಿ ಒಡೆದು, ಜಂಬಕ್ಕನ ಹೆಸರನ್ನು ಬಾಯಲ್ಲೇ ಹೇಳಿಕೊಂಡು, ಎರಡೂ ಎತ್ತುಗಳನ್ನು ನೀರಿನ ನಡುವೆ ಉಸುಕಿನ ಮೇಲೆ ನಿಲ್ಲಿಸಿದ. ಅಂಜಿನಕ್ಕ ತನ್ನವನ್ನು ಮೊಳದಷ್ಟು ದೂರದಲ್ಲಿ ನಿಲ್ಲಿಸಿದಳು.

"ಈಗ ನೋಡ್ರಿ," ಎಂದು ಕೀರ್ತನಾ ಚೂಡಿದಾರದ ಕಾಲು ಮಡಚಿ ನೀರಿಗಿಳಿದಳು. "ಇದು ಹಳ್ಳ ಅಲ್ಲ. ಸಮುದ್ರದ ಅಡಿ. ಕತ್ತಲಿ. ಥಂಡಿ."

ಮಕ್ಕಳು ನೋಡಿದರು. ಹೊತ್ತಾಯಿತು. ಆದದ್ದು ಇಷ್ಟೇ: ಚೌಡಣ್ಣನ ಎತ್ತಿನ ಕಾಲು ಕರಗಿ ಹೊಟ್ಟೆ ನೆಲಕ್ಕೆ ಕುಳಿತಿತು. ಸುತ್ತಲಿನ ನೀರು ರಾಡಿಯಾಯಿತು. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಒಬ್ಬ ಆಕಳಿಸಿದ. ಕೀರ್ತನಾಳ ಮುಖ ಬಾಡುತ್ತ ಬಂದದ್ದು ದಂಡೆಯ ಮೇಲಿದ್ದ ಚೌಡಣ್ಣನಿಗೆ ಕಂಡಿತು. ಮೈಲಾರಲಿಂಗಪ್ಪ, ನಾನು ಮಾಡಿದ ತಪ್ಪಿಗೆ ಮಗುವಿನ ಮಾನ ಕಳೆಯಬೇಡ, ಎಂದು ಕಣ್ಣು ಮುಚ್ಚಿದ.

"ಅಯ್ಯಯ್ಯ, ನನ್ನ ಎತ್ತು!" ಎಂದು ಅಂಜಿನಕ್ಕ ಕೂಗಿದಳು.

ಎಲ್ಲರೂ ಅತ್ತ ತಿರುಗಿದರು. ಅವಳ ಎತ್ತು ಕರಗಿರಲಿಲ್ಲ, ಬಣ್ಣ ಕೂಡ ಬಿಟ್ಟಿರಲಿಲ್ಲ. ಆದರೆ ಎದುರಿನಿಂದ ಬಂದ ನೀರು ಅದರ ಕಾಲಿಗೆ ಬಡಿದು ಸುಳಿದು, ಮುಂಗಾಲ ಬುಡದ ಉಸುಕನ್ನೆಲ್ಲ ತೋಡಿ ಒಯ್ದಿತ್ತು. ಬಂಗಾರದ ಕೊಂಬಿನ ಎತ್ತು ತನ್ನ ಮುಂದಿನ ಗುಣಿಗೆ ತಾನೇ ಮೂತಿ ಊರಿ, ಹಿಂಗಾಲು ಮೇಲೆತ್ತಿ ನಿಂತಿತ್ತು. ಮಕ್ಕಳ ನಗು ಹಳ್ಳದ ಆಚೆ ದಂಡೆಗೆ ಹೋಗಿ ಮರಳಿ ಬಂತು.

"ನಗಬ್ಯಾಡ್ರಿ, ನೋಡ್ರಿ!" ಕೀರ್ತನಾಳ ದನಿಗೆ ಜೀವ ಬಂದಿತು. "ನೀರು ಎದುರಿಗೆ ಬಡದಲ್ಲಿ ತೋಡ್ತೈತಿ. ಸಮುದ್ರದ ಗುಡ್ಡದ ಬುಡಕ್ಕೂ ಹಿಂಗ ಕಾಲುವಿ ತೋಡಿರ್ತೈತಿ. ತೋಡಿದ್ದು ಎಲ್ಲಿಗೆ ಹೋತು? ಹಿಂದ ನೋಡ್ರಿ!"

ಎತ್ತಿನ ಹಿಂದೆ ಉಸುಕು ಉದ್ದಕ್ಕೆ ಬಾಲದ ಹಾಗೆ ಬಿದ್ದಿತ್ತು.

"ಅಕ್ಕಾರ, ಇಲ್ಲೂ ಐತ್ರಿ!" ಎಂದು ಎರಡು ಜಡೆಯ ಹುಡುಗಿಯೊಬ್ಬಳು ನೀರಿಗೆ ಹಾರಿ ಚೌಡಣ್ಣನ ಎತ್ತುಗಳಿದ್ದ ಕಡೆ ಕೈ ತೋರಿಸಿದಳು. ಎತ್ತುಗಳು ಈಗ ಎರಡು ಗುಪ್ಪೆಗಳಾಗಿದ್ದವು. ಗುಪ್ಪೆಯ ಮೇಲೆ ಬಿಳಿ ಕೊಂಬುಗಳು ಮಾತ್ರ ಎದ್ದು ನಿಂತಿದ್ದವು. ಜಾರಿ ಬಂದ ಉಸುಕು ಆ ಕೊಂಬುಗಳ ಸಂದಿಯಲ್ಲಿ ಸಿಕ್ಕಿ, ಕಾಳು ಕಾಳಾಗಿ ನಿಲ್ಲುತ್ತಿತ್ತು. ಹಿಂದೆ ಬಾಲ ಬೆಳೆಯುತ್ತಿತ್ತು.

ಕೀರ್ತನಾ ಮಂಡಿಯೂರಿ ನೀರಿನಲ್ಲೇ ಕುಳಿತುಬಿಟ್ಟಳು. "ಇದ ನೋಡ್ರಪ್ಪ ನಾನು ಹೇಳಬೇಕಂತ ಬಂದಿದ್ದು. ಮೊದಲ ಗಟ್ಟಿ ನೆಲದ ಮ್ಯಾಲ ಒಂದು ಹವಳ. ಅದರಾಗ ಹೂಳು ಸಿಗ್ತೈತಿ. ಹೂಳು ಏರಿದಂಗ ಹವಳಾನೂ ಮ್ಯಾಲ ಏರ್ತೈತಿ. ಮತ್ತ ಹೂಳು. ಮತ್ತ ಹವಳ. ಹಿಂಗ ಲಕ್ಷ ಲಕ್ಷ ವರ್ಷ."

"ಹೂಳು ಭಾಳ ಬಂದ್ರ ಹವಳ ಮುಚ್ಚಿ ಹೋಗಂಗಿಲ್ಲೇನ್ರಿ?" ಎಂದಳು ಎರಡು ಜಡೆಯವಳು.

"ಒಮ್ಮಿಗೆ ಭಾಳ ಬಂದ್ರ ಉಸುರು ಕಟ್ಟಿ ಸಾಯ್ತೈತಿ. ಹೂಳ ಬರದಿದ್ರೂ ಕಷ್ಟ. ಹಿಡಕಳ್ಳೋರು ಇಲ್ದ ಟೊಂಗಿ ಮುರದು ಬೀಳ್ತಾವ. ಹದವಾಗಿ ಬರಬೇಕು. ಕೆಳಗಿನ ಹವಳ ಸತ್ತು ಹೂಳಿನಾಗ ಹೋಗ್ತೈತಿ. ಆದ್ರ ಅದು ಅಲ್ಲೇ ನಿಂತಿರ್ತೈತಿ. ಮ್ಯಾಲಿಂದು ಅದರ ಮ್ಯಾಲ ಕಾಲೂರಿ ಬೆಳೀತೈತಿ."

"ಇನ್ನೊಮ್ಮಿ ಹೇಳವ್ವ," ಎಂದ ಚೌಡಣ್ಣ ದಂಡೆಯಿಂದ. "ಕಿವಿ ಮಂದ."

ಅವನ ಕಿವಿಗೆ ಏನೂ ಆಗಿರಲಿಲ್ಲ. ಕೀರ್ತನಾ ತಲೆಯೆತ್ತಿ ಅವನನ್ನು ನೋಡಿ, ಅದೇ ಮಾತನ್ನು ಮತ್ತೆ, ಸಾವಕಾಶವಾಗಿ ಹೇಳಿದಳು. ಚೌಡಣ್ಣ ಟವೆಲಿನಿಂದ ಮುಖ ಒರೆಸಿಕೊಂಡು ತಲೆಯಾಡಿಸಿದ.

ಆಮೇಲೆ ಪ್ರಶ್ನೆಗಳು ನಿಲ್ಲಲಿಲ್ಲ. ಕತ್ತಲಲ್ಲಿ ಹವಳ ಏನು ತಿನ್ನುತ್ತದೆ? ನೀರು ತಂದದ್ದನ್ನೇ ತಿನ್ನುತ್ತದೆ. ಬೇರೆ ಬೇರೆ ಗುಡ್ಡಕ್ಕೆ ಬಾಲ ಬೇರೆ ಬೇರೆ ಕಡೆ ಏಕೆ? ನೀರು ಬಂದ ದಿಕ್ಕಿನ ಮೇಲೆ ಹೋಗುತ್ತದೆ. ಒಬ್ಬನ ಪ್ರಶ್ನೆಗೆ ಕೀರ್ತನಾ ತಲೆ ಕೆರೆದುಕೊಂಡು, ಅದು ನಮಗೂ ಇನ್ನೂ ಗೊತ್ತಿಲ್ಲಪ್ಪ, ನೀನೇ ಬಂದು ಹುಡುಕು, ಎಂದಳು. ಅವನು ಎದೆಯುಬ್ಬಿಸಿಕೊಂಡು ಸುತ್ತ ನೋಡಿದ. ಅಷ್ಟು ಹೊತ್ತಿಗೆ ಕೆಲವರು ಕಲ್ಲು, ಕೆಲವರು ಕಂಟಿಯ ಟೊಂಗೆ ತಂದು ನೀರಲ್ಲಿ ನೆಡತೊಡಗಿದ್ದರು. ನನ್ನ ಗುಡ್ಡದ ಬಾಲ ದೊಡ್ಡದು, ನಿನ್ನದು ಸಣ್ಣದು ಎಂದು ಜಗಳ ಹತ್ತಿತು. ಅಂಜಿನಕ್ಕ ಬಿದ್ದ ಎತ್ತನ್ನು ಎತ್ತಿ ನಿಲ್ಲಿಸುವುದು, ಅದು ಮತ್ತೆ ಮೂತಿ ಊರುವುದು ನಡೆದೇ ಇತ್ತು.

ಗುರುಮೂರ್ತಿ ಊಟದ ಸೀಟಿ ಊದಿದರು. ಒಬ್ಬರೂ ಕದಲಲಿಲ್ಲ. ಮತ್ತೊಮ್ಮೆ ಊದಿದರು. ಕೊನೆಗೆ ಸೀಟಿಯನ್ನು ಜೇಬಿಗೆ ಹಾಕಿಕೊಂಡು, ಚಪ್ಪಲಿ ಬಿಟ್ಟು, ಬಿಳಿ ಪ್ಯಾಂಟು ಮೇಲೆತ್ತಿಕೊಂಡು ತಾವೇ ಇಳಿದರು.

"ಕೀರ್ತನಾ, ನಾಳೆ ಹತ್ತನೇ ಇಯತ್ತೆಗೂ ಇದನ್ನ ಹೇಳಿಬಿಡವ್ವ. ಬಸ್ಸು ನಾಡಿದ್ದು ಹಿಡದ್ರ ಆತು."

"ಆಗಲಿ ಸರ್." ಅವಳ ಕೈಯೆಲ್ಲ ಕೆಸರು, ಹಣೆಯ ಮೇಲೂ ಕೆಸರು, ನಗುವಿಗೆ ಲಗಾಮಿಲ್ಲ. "ತಾತಾ, ಅಲ್ಲಿ ಕುಂತು ಏನ್ ಮಾಡ್ತಿ? ಬಾ ಇಲ್ಲಿ!"

ಚೌಡಣ್ಣ ಧೋತರ ಎತ್ತಿ ಕಟ್ಟಿದ. ದಂಡೆಯ ಮೇಲಿನ ಕಲ್ಲುಗಳಲ್ಲಿ ಒಂದನ್ನು ಎತ್ತಿ ನೋಡಿ ಇಳಿಸಿದ, ಇನ್ನೊಂದನ್ನು ಆರಿಸಿದ. ನೀರಿಗಿಳಿದು, ಕೊಂಬುಗಳಿದ್ದ ಗುಪ್ಪೆಯನ್ನು ತುಳಿಯದಂತೆ ಸುತ್ತು ಹಾಕಿ, ಮಕ್ಕಳ ಗುಡ್ಡಗಳ ನಡುವೆ ಜಾಗ ಮಾಡಿಸಿಕೊಂಡು ತನ್ನ ಕಲ್ಲನ್ನು ಊರಿದ.

"ಸರೀರಪ್ಪ," ಎಂದು ಬಗ್ಗಿ ನಿಂತ. "ನನ್ನದರ ಬಾಲ ಎಷ್ಟುದ್ದ ಬರ್ತೈತಿ ನೋಡೇ ಬಿಡೋಣು."